ಆ ಅರ್ಧ ನೀರು ಎಲ್ಲಿಗೆ ಹೋಯ್ತು?

ಮಿಡಿಗೇಶಿ ದಾಟಿ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಇಪ್ಪತ್ತು ಕ್ಯಾನುಗಳು ಸಾಲು ಹಿಡಿದಿದ್ದವು. ಕರೆಂಟು ಹೋಗಿತ್ತು. ಹೆಂಗಸರು ಕ್ಯಾನುಗಳನ್ನು ಸಾಲಿನಲ್ಲಿ ಬಿಟ್ಟು ಮನೆಗೆ ಹೋಗಿದ್ದರು. ಅವರ ಸರದಿಯನ್ನು ಕ್ಯಾನುಗಳೇ ಕಾಯುತ್ತಿದ್ದವು.

ಪಕ್ಕದ ಹೊಂಗೆ ಮರದ ಕಟ್ಟೆಯ ಮೇಲೆ ಇಬ್ಬರು ಮಾತಾಡುತ್ತಿದ್ದರು. ಒಬ್ಬರು ಇಪ್ಪತ್ತೆಂಟು ವರ್ಷ ಪಂಚಾಯ್ತಿಯ ವಾಟರ್‌ಮನ್ ಆಗಿದ್ದವರು. ಅವರ ತಾತ ಇದೇ ಊರ ಕೆರೆಯ ನೀರಗಂಟಿ. ಇನ್ನೊಬ್ಬಳು ಅವರ ತಮ್ಮನ ಮಗಳು. ನೀರು ಸೋಸುವ ಪೊರೆಗಳ ಮೇಲೆ ಸಂಶೋಧನೆ ಮಾಡುತ್ತಿರುವವಳು, ಹಬ್ಬಕ್ಕೆಂದು ಬಂದಿದ್ದಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನೀರಿನ ವಿಷಯ ಬರೆಯಲು ಓಡಾಡುತ್ತಿದ್ದ ನನಗೆ ಇಂಥ ಜೋಡಿ ಸಿಕ್ಕಿದ್ದು ಅದೃಷ್ಟ. ಅವರು ಆಡಿದ ಮಾತನ್ನು ಆದಷ್ಟೂ ಅವರ ಮಾತಿನಲ್ಲೇ ಕೊಡುತ್ತೇನೆ.

ದೊಡ್ಡಪ್ಪ: ಸೋಪು ಹಾಕಿ ನೀರಿನ ವಿಷ ತೆಗೀತೀವಿ ಅಂತೀಯಲ್ಲಮ್ಮ, ನನಗೆ ಅದೇ ತಲೆಗೆ ಹತ್ತಲ್ಲ. ಕುಡಿಯೋ ನೀರಿಗೆ ಯಾರಾದ್ರೂ ಸೋಪು ಹಾಕ್ತಾರಾ?

ಹುಡುಗಿ: ಬಟ್ಟೆ ಸೋಪಲ್ಲ ದೊಡ್ಡಪ್ಪ, ಆದ್ರೆ ಅದೇ ಜಾತಿದು. ಸೋಪಿನ ಒಂದೊಂದು ಅಣುಗೂ ನೀರಿಗೆ ಒಗ್ಗೋ ತಲೆ ಒಂದು, ನೀರಿಗೆ ಒಗ್ಗದ ಬಾಲ ಒಂದು. ನೀರಲ್ಲಿ ಅವು ಸಾಕಷ್ಟು ಸೇರಿದ ಮೇಲೆ ಬಾಲಗಳನ್ನೆಲ್ಲ ಒಳಗೆ ಸೇರಿಸಿ, ತಲೆಗಳನ್ನ ಹೊರಗಿಟ್ಟು ಉಂಡೆ ಕಟ್ಕೊಳ್ತವೆ. ಅದಕ್ಕೆ ಮೈಸೆಲ್ ಅಂತಾರೆ. ಎಣ್ಣೆ ಪಾತ್ರೆ ತೊಳೆಯುವಾಗ ಜಿಡ್ಡು ಹೋಗಿ ಸೇರ್ಕೊಳ್ಳೋದು ಆ ಉಂಡೆ ಒಳಗೇ. ನಾವು ಉಂಡೆಯ ಹೊರಮೈಯನ್ನ ಬಳಸ್ತೀವಿ. ಕೆಲವು ಸೋಪಿನ ತಲೆಗೆ ಧನ ವಿದ್ಯುದಂಶ ಇರುತ್ತೆ. ನೀರಲ್ಲಿ ಕರಗಿರೋ ಋಣ ವಿದ್ಯುದಂಶದವು, ನೈಟ್ರೇಟು, ಕ್ರೋಮೇಟು ಅಂಥವು, ಬಂದು ಅದರ ಮೈಗೆ ಅಂಟ್ಕೊಳ್ತವೆ. ಆಮೇಲೆ ಆ ನೀರನ್ನ ಒಂದು ಪೊರೆ ಮೂಲಕ ಸೋಸಿದ್ರೆ ಉಂಡೆ ಈಚೆ ಉಳಿಯುತ್ತೆ, ನೀರು ಆಚೆ ಹೋಗುತ್ತೆ.

ದೊಡ್ಡಪ್ಪ: ಅಂದ್ರೆ ಕುರಿ ತುಪ್ಪಟಕ್ಕೆ ಉತ್ತರಾಣಿ ಬೀಜ ಅಂಟ್ಕೊಂಡಂಗೆ. ಬೀಜ ಬೇಲಿ ಸಂದಿಯಲ್ಲಿ ತೂರ್ಕೊಂಡು ಹೋಗ್ತೈತೆ, ಕುರಿ ಹೋಗಾಕಾಗಲ್ಲ.

ಹುಡುಗಿ: ಅದೇ, ಅದೇ! ನಮ್ಮ ಪ್ರೊಫೆಸರಿಗೆ ಈ ಮಾತು ಹೇಳ್ಬೇಕು. ಈ ಘಟಕದ ಒಳಗಿರೋ ಆರ್‌ಒ ಪೊರೆ ಒಂದೊಂದು ಬೀಜವನ್ನೂ ತಡೆಯೋಷ್ಟು ಇಕ್ಕಟ್ಟಾದ ಬೇಲಿ. ಅದರಲ್ಲಿ ನೀರು ತೂರಿಸೋಕೆ ಗಾಳಿಯ ಒತ್ತಡದ ಹತ್ತು ಹದಿನೈದು ಪಟ್ಟು ಒತ್ತಡ ಬೇಕು. ಕುರಿ ತಡೆಯೋ ಬೇಲಿ ಸಡಿಲವಾಗಿದ್ರೂ ಆಯ್ತು, ಎರಡು ಮೂರು ಪಟ್ಟು ಒತ್ತಡ ಸಾಕು. ಚಿಕ್ಕ ಪಂಪು, ಕಡಿಮೆ ಕರೆಂಟು. 1980ರ ದಶಕದಲ್ಲಿ ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಜಾನ್ ಸ್ಕೇಮ್‌ಹಾರ್ನ್ ಮತ್ತು ಅವರ ಜೊತೆಯವರು ಈ ದಾರಿ ಹಿಡಿದ್ರು.

ದೊಡ್ಡಪ್ಪ: ಸರಿ. ನಮ್ಮ ನೀರಲ್ಲಿರೋದು ಫ್ಲೋರೈಡು. ಅದು ನಿನ್ನ ಕುರಿ ಮೈಗೆ ಅಂಟ್ತೈತಾ?

ಹುಡುಗಿ ಉತ್ತರಿಸಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

ಹುಡುಗಿ: ಸರಿಯಾಗಿ ಅಂಟಲ್ಲ ದೊಡ್ಡಪ್ಪ. ಅದೇ ಕಷ್ಟ. ಫ್ಲೋರೈಡು ತುಂಬಾ ಚಿಕ್ಕದು, ಸುತ್ತಲೂ ನೀರನ್ನ ಕಂಬಳಿ ಹೊದ್ದ ಹಾಗೆ ಬಿಗಿಯಾಗಿ ಹೊದ್ಕೊಂಡಿರುತ್ತೆ. ಆ ಕಂಬಳಿ ಬಿಟ್ಟು ಉಂಡೆ ಹತ್ರ ಬರೋಕೆ ಒಪ್ಪಲ್ಲ. ನೈಟ್ರೇಟಿಗೆ ಅಷ್ಟು ಹಠ ಇಲ್ಲ. ಇನ್ನೊಂದು, ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡು ಲೀಟರಿಗೆ ಮೂರು ಮಿಲಿಗ್ರಾಂ ಇದ್ರೆ ಬೈಕಾರ್ಬನೇಟು ಮುನ್ನೂರು ನಾನೂರು ಮಿಲಿಗ್ರಾಂ ಇರುತ್ತೆ. ಕ್ಲೋರೈಡು, ಸಲ್ಫೇಟು ಬೇರೆ. ಅವೆಲ್ಲ ಮುಂದೆ ನುಗ್ಗಿ ಜಾಗ ಹಿಡ್ಕೊಳ್ತವೆ.

ದೊಡ್ಡಪ್ಪ: ಮತ್ತೆ ನೀನು ಮೂರು ವರ್ಷದಿಂದ ಮಾಡ್ತಿರೋದೇನಮ್ಮ?

ಹುಡುಗಿ: ಉಂಡೆಯ ಮೈಮೇಲೆ ಮೊದಲು ಅಲ್ಯೂಮಿನಿಯಂ ಕೂರಿಸೋಕೆ ನೋಡ್ತಿದ್ದೀನಿ. ಅದಕ್ಕೆ ಋಣ ತಲೆಯ ಸೋಪು ಬೇಕು. ಫ್ಲೋರೈಡಿಗೆ ಅಲ್ಯೂಮಿನಿಯಂ ಕಂಡ್ರೆ ಸೆಳೆತ ಜಾಸ್ತಿ. ಸೋಪು ಲೋಹವನ್ನ ಹಿಡಿಯುತ್ತೆ, ಲೋಹ ಫ್ಲೋರೈಡನ್ನ ಹಿಡಿಯುತ್ತೆ. ಲ್ಯಾಬಿನಲ್ಲಿ, ಬರೀ ಫ್ಲೋರೈಡು ಕರಗಿಸಿದ ನೀರಲ್ಲಿ, ಚೆನ್ನಾಗೇ ಬರ್ತಿದೆ.

ದೊಡ್ಡಪ್ಪ: ಊರ ನೀರಲ್ಲಿ?

ಹುಡುಗಿ: ಊರ ನೀರಲ್ಲಿ ಇನ್ನೂ ಒದ್ದಾಡ್ತಿದ್ದೀನಿ.

ಈ ಉತ್ತರ ನನಗೆ ಹಿಡಿಸಿತು. ಪ್ರಯೋಗಾಲಯದ ನೀರಿಗೂ ಬೋರ್‌ವೆಲ್ಲಿನ ನೀರಿಗೂ ಇರುವ ಅಂತರವನ್ನು ಮುಚ್ಚಿಟ್ಟೇ ಎಷ್ಟೋ ಯಂತ್ರಗಳು ಹಳ್ಳಿಗೆ ಬಂದಿವೆ.

ದೊಡ್ಡಪ್ಪ: ಅಲ್ಯೂಮಿನಿಯಂ ಅಂದ್ರೆ ಪಟಕ ತಾನೆ? ಪಟಕ, ಸುಣ್ಣ ಹಾಕಿ ಕದಡೋದು ನಾನೂ ಮಾಡಿದ್ದೀನಿ. ನಲ್ಗೊಂಡದ ವಿಧಾನ ಅಂತ ಹೇಳ್ಕೊಟ್ಟಿದ್ರು.

ಹುಡುಗಿ: ಹೌದು, ನಾಗಪುರದ ನೀರಿ ಸಂಸ್ಥೆಯವರದು, 1970ರ ದಶಕದ್ದು. ತೀರಾ ಅಗ್ಗ. ಯಾಕೆ ಬಿಟ್ರಿ?

ದೊಡ್ಡಪ್ಪ: ಎರಡು ಬಕೆಟ್ ಕೊಟ್ಟಿದ್ರು, ಒಂದರ ಮೇಲೊಂದು. ದಿನಾ ಪಟಕ ಅಳೀಬೇಕು, ದಿನಾ ಕದಡಬೇಕು, ಒಂದು ಗಂಟೆ ಕಾಯಬೇಕು. ತಳದಲ್ಲಿ ಕೂತ ಕೆಸರು ಚೆಲ್ಲಬೇಕು. ಚೆಲ್ಲೋದೆಲ್ಲಿ? ಹಿತ್ತಲಿಗೆ. ಕಳೆ ಕೀಳೋಕೆ ಹೋಗೋ ಹೆಂಗಸಿಗೆ ಬೆಳಿಗ್ಗೆ ಆರಕ್ಕೆ ಇದೆಲ್ಲ ಆಗ್ತೈತೇನಮ್ಮ? ಮೂರು ತಿಂಗಳಿಗೆ ಬಕೆಟ್ಟುಗಳಲ್ಲಿ ರಾಗಿ ತುಂಬಿದ್ರು. ತಪ್ಪು ಅವರದಲ್ಲ. ಈಗ ನೀನು ಅದೇ ಪಟಕಕ್ಕೆ ಸೋಪೂ ಸೇರಿಸ್ತೀಯ.

ಹುಡುಗಿ: ಸೇರಿಸ್ತೀನಿ, ಆದ್ರೆ ಮನೆಮನೆಯಲ್ಲಲ್ಲ. ಘಟಕದಲ್ಲಿ, ಒಬ್ಬರ ಕೈಯಲ್ಲಿ.

ದೊಡ್ಡಪ್ಪ: ಸೋಪು ಪೂರ್ತಿ ಈಚೆಗೇ ನಿಲ್ತೈತಾ? ಒಂದು ಹನಿನೂ ನಮ್ಮ ಲೋಟಕ್ಕೆ ಬರಲ್ವಾ?

ಹುಡುಗಿ: ಇದನ್ನ ಕೇಳೇ ಕೇಳ್ತೀರ ಅಂತ ಗೊತ್ತಿತ್ತು. ಬರುತ್ತೆ. ಉಂಡೆ ಕಟ್ಟದೆ ಒಂಟಿಯಾಗಿ ಉಳಿದ ಸೋಪಿನ ಅಣುಗಳು ಪೊರೆಯಲ್ಲಿ ನುಸುಳ್ತವೆ. ಧನ ತಲೆಯ ಸೋಪುಗಳಲ್ಲಿ ಹೆಚ್ಚು ಬಳಸೋದು ಸಿಟ್ಯಾಬ್ ಅಂತ. ಗಾಯ ತೊಳೆಯೋ ಸ್ಯಾವ್ಲಾನಿನಲ್ಲಿ ಸೆಟ್ರಿಮೈಡ್ ಇರುತ್ತಲ್ಲ, ಅದರ ಹತ್ತಿರದ ನಂಟು. ಅದು ಉಂಡೆ ಕಟ್ಟೋಕೆ ಶುರು ಮಾಡೋದೇ ಲೀಟರಿಗೆ ಸುಮಾರು 330 ಮಿಲಿಗ್ರಾಂ ಆದ ಮೇಲೆ. ಉಪ್ಪಿರೋ ನೀರಲ್ಲಿ ಕಡಿಮೆ ಸಾಕು. ಹಾಗಿದ್ರೂ ನೂರರ ಲೆಕ್ಕದಲ್ಲಿ ಮಿಲಿಗ್ರಾಂ ಆಚೆ ದಾಟಬಹುದು. ನಾನು ಬಳಸೋ ಥರದ ಋಣ ತಲೆಯ ಡಿಟರ್ಜೆಂಟಿಗೆ ನಮ್ಮ ಕುಡಿಯೋ ನೀರಿನ ಮಾನಕದಲ್ಲಿ ಬಿಟ್ಟಿರೋ ಜಾಗ ಲೀಟರಿಗೆ 0.2 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 1.

ದೊಡ್ಡಪ್ಪ: ಮೂರು ಮಿಲಿಗ್ರಾಂ ತೆಗೆಯಾಕೆ ಮುನ್ನೂರು ಹಾಕ್ತೀಯ!

ಹುಡುಗಿ: ಹಾಕಿ, ಅದನ್ನೂ ಹಿಡೀಬೇಕು. ಇದ್ದಿಲಿನ ಹಾಸು, ಇಲ್ಲಾ ಎರಡನೇ ಪೊರೆ. ಕುಡಿಯೋ ನೀರಿಗೆ ಇದು ಇವತ್ತು ಸಿದ್ಧ ಅಂತ ನಾನು ಎಲ್ಲೂ ಹೇಳಿಲ್ಲ. ಕಾರ್ಖಾನೆ ಬಿಡೋ ಕ್ರೋಮಿಯಂ ನೀರು, ಬಣ್ಣದ ನೀರು, ಅಂಥ ಕಡೆ ಇದು ಹೆಚ್ಚು ಹೊಂದುತ್ತೆ. ಮತ್ತೆ ಯುರೇನಿಯಂ.

ದೊಡ್ಡಪ್ಪ: ಅದೊಂದು ಬಾಕಿ ಇತ್ತು ನೋಡು.

ಹುಡುಗಿ: ಬಾಕಿ ಅಲ್ಲ, ಇದೆ. ಪೂರ್ವ ಕರ್ನಾಟಕದ 73 ಹಳ್ಳಿಗಳ ನೀರು ತಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಪರೀಕ್ಷೆ ಮಾಡಿದ್ರು, 2021ರಲ್ಲಿ ಪ್ರಕಟ ಆಯ್ತು. ತುಮಕೂರು ಜಿಲ್ಲೆಯ ಹಳ್ಳಿಗಳೂ ಇದ್ವು. 57 ಕಡೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. ಯಾರೋ ಸುರಿದದ್ದಲ್ಲ, ಬಂಡೆಯಿಂದಲೇ ಬಂದದ್ದು. ನಮ್ಮ ಥರದ ಸವುಳು ನೀರಲ್ಲಿ ಯುರೇನಿಯಂ ಕಾರ್ಬನೇಟಿನ ಜೊತೆ ಸೇರಿ ಎರಡು, ನಾಲ್ಕು ಋಣ ವಿದ್ಯುದಂಶ ಹೊತ್ಕೊಂಡು ಓಡಾಡುತ್ತೆ. ಅಷ್ಟು ವಿದ್ಯುದಂಶ ಇರೋದು ಉಂಡೆಗೆ ಚೆನ್ನಾಗಿ ಅಂಟುತ್ತೆ. ಫ್ಲೋರೈಡಿಗೆ ಸೋತ ಸೋಪು ಅದಕ್ಕೆ ಗೆಲ್ಲಬಹುದು.

ದೊಡ್ಡಪ್ಪ: ಅಂಟುವಾಳಕಾಯಿ ಹಾಕಿದ್ರೆ? ಅದೂ ನೊರೆ ಬರ್ತೈತಲ್ಲ. ಮೈಗೆ ಹಾಕ್ಕೊಳ್ಳೋದು, ವಿಷ ಅಂತೂ ಅಲ್ಲ.

ಹುಡುಗಿ: ಅದರ ಮೇಲೂ ಕೆಲಸ ನಡೆದಿದೆ. ಅದರ ನೊರೆ ಸಪೋನಿನ್‌ದು. ಅದರಲ್ಲಿ ಮಣ್ಣಿನ ಲೋಹಗಳನ್ನ ತೊಳೆದು ನೋಡಿದ್ದಾರೆ. ಆದ್ರೆ ಋಣ ವಿದ್ಯುದಂಶದವನ್ನ ಹಿಡಿಯೋ ಧನ ತಲೆ ಅದಕ್ಕಿಲ್ಲ. ಮತ್ತೆ ಕುಡಿದ್ರೆ ಅದೂ ಒಳ್ಳೇದಲ್ಲ. ಕೆರೆಯಲ್ಲಿ ಕದಡಿದ್ರೆ ಮೀನು ಸಾಯುತ್ತೆ.

ದೊಡ್ಡಪ್ಪ: ಅದು ನಿಜ. ಹುಡುಗರಾಗಿದ್ದಾಗ ನಾವೇ ಕದಡಿ ಮೀನು ಹಿಡಿದಿದ್ದೀವಿ.

ಕರೆಂಟು ಇನ್ನೂ ಬಂದಿರಲಿಲ್ಲ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕ್ ಇರುವ ಸೀಮೆ ಇದು. ಅಲ್ಲಿ ಹುಟ್ಟಿದ ಕರೆಂಟು ಗ್ರಿಡ್ಡಿಗೆ ಹೋಗುತ್ತದೆ. ಗ್ರಿಡ್ಡಿನಿಂದ ಈ ಘಟಕಕ್ಕೆ ಬರಬೇಕಾದ ಕೊನೆಯ ತಂತಿ ಮಾತ್ರ ಹಳೆಯದು. ಮಾತು ಅಲ್ಲಿಂದ ಆರ್‌ಒ ಕಡೆಗೆ ಹೊರಳಿತು.

ಹುಡುಗಿ: ಸೋಪಿನ ವಿಷಯ ಬಿಡಿ. ಈ ಆರ್‌ಒ ಬಗ್ಗೆಯಾದ್ರೂ ನಿಮಗೆ ತಕರಾರಿಲ್ಲ ತಾನೆ? 1960ರ ಹೊತ್ತಿಗೆ ಲೋಬ್ ಅನ್ನೋರೂ ನಮ್ಮ ದೇಶದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಅನ್ನೋರೂ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಪೊರೆ. 1965ರಲ್ಲಿ ಕೊಲಿಂಗ ಅನ್ನೋ ಸಣ್ಣ ಊರಿಗೆ ಮೊದಲು ನೀರು ಕೊಟ್ಟಿತು. ಆ ಊರಲ್ಲೂ ಕುಡಿಯೋ ನೀರನ್ನ ಹೊರಗಿಂದ ತರಿಸ್ತಿದ್ರು. ಇವತ್ತು ಅದರ ವಂಶದ ಪೊರೆ ನೂರರಲ್ಲಿ ತೊಂಬತ್ತು ಪಾಲು ಫ್ಲೋರೈಡು ತೆಗೆಯುತ್ತೆ.

ದೊಡ್ಡಪ್ಪ: ತಕರಾರು ಐತೆ. ಇಲ್ಲಿ ಎರಡು ಪೈಪು ಐತೆ ನೋಡು. ಒಂದು ಕ್ಯಾನಿಗೆ, ಒಂದು ಆ ಚರಂಡಿಗೆ. ನಮ್ಮೂರಲ್ಲಿ ಇನ್ನೂರೈವತ್ತು ಮನೆ. ಮನೆಗೊಂದು ಕ್ಯಾನು, ಇಪ್ಪತ್ತು ಲೀಟರ್ ಅಂದ್ರೆ ದಿನಕ್ಕೆ ಐದು ಸಾವಿರ ಲೀಟರ್. ಅಷ್ಟು ಕೊಡಾಕೆ ಹತ್ತು ಸಾವಿರ ಎತ್ತಬೇಕು. ಇನ್ನೈದು ಸಾವಿರ ಹೋಗ್ತೈತೆ. ಯಾವ ನೀರದು? ಸಾವಿರ ಅಡಿಯಿಂದ ಎತ್ತಿದ್ದು. ಆ ಅರ್ಧ ನೀರು ಎಲ್ಲಿಗೆ ಹೋಯ್ತು ಅಂತ ನೀನು ಯಾವತ್ತಾದ್ರೂ ಅದರ ಹಿಂದೆ ಹೋಗಿ ನೋಡಿದ್ದೀಯ?

ಹುಡುಗಿ: ಇಲ್ಲ.

ದೊಡ್ಡಪ್ಪ: ನಾನು ಹೋಗಿದ್ದೀನಿ. ಶಾಲೆ ಹಿಂದಿನ ತಗ್ಗಿನಲ್ಲಿ ನಿಂತೈತೆ. ದನ ಕುಡೀತವೆ. ಉಳಿದದ್ದು ಇಂಗ್ತೈತೆ.

ಹುಡುಗಿ: ಮೂರು ಮಿಲಿಗ್ರಾಂ ಇದ್ದ ಫ್ಲೋರೈಡು ಆ ಅರ್ಧ ನೀರಲ್ಲಿ ಹತ್ತಿರ ಹತ್ತಿರ ಆರು ಆಗಿರುತ್ತೆ. ಪೊರೆ ಯಾವುದನ್ನೂ ಸಾಯಿಸಲ್ಲ, ಬೇರೆ ಮಾಡುತ್ತೆ ಅಷ್ಟೆ. ನನ್ನ ಸೋಪೂ ಅಷ್ಟೆ. ಒಂದೇ ವ್ಯತ್ಯಾಸ, ಸೋಪಿನ ದಾರಿಯಲ್ಲಿ ಉಳಿಯೋ ಕೆಟ್ಟ ನೀರು ಕಡಿಮೆ. ಅದರಿಂದ ಸೋಪನ್ನ ಬಿಡಿಸಿಕೊಂಡು ಮತ್ತೆ ಬಳಸಿದ್ರೆ ಕೊನೆಗೆ ಒಂದು ಹಿಡಿ ಗಟ್ಟಿ ಉಳಿಯುತ್ತೆ. ಒಂದು ಹಿಡಿಯನ್ನ ಎಲ್ಲಾದ್ರೂ ಜೋಪಾನವಾಗಿ ಇಡಬಹುದು, ದಿನಕ್ಕೆ ಐದು ಸಾವಿರ ಲೀಟರನ್ನ ಇಡೋಕಾಗಲ್ಲ. ನಾನು ಇದಕ್ಕೆ ಜೋತುಬಿದ್ದಿರೋದು ಅದಕ್ಕೇ ದೊಡ್ಡಪ್ಪ.

ದೊಡ್ಡಪ್ಪ: ಇದನ್ನ ಮೊದಲೇ ಹೇಳಬಾರದಿತ್ತಾ? ಇದು ಕೇಳುವಂಥ ಮಾತು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಅವರು ಕೈಯಲ್ಲಿದ್ದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದರು: ಕೆರೆಯ ಏರಿ, ಅದರ ಕೆಳಗೆ ಹಳ್ಳ, ಹಳ್ಳದ ಮರಳಿನಲ್ಲಿ ಒಂದು ಸುತ್ತು.

ದೊಡ್ಡಪ್ಪ: ಇದು ತಲಪರಿಗೆ. ಕೆರೆ ಬತ್ತಿದ್ರೂ ಇಲ್ಲಿ ಒರತೆ ನಿಲ್ತಿರಲಿಲ್ಲ. ಮೂರಾಳು ನಾಲ್ಕಾಳು ಅಗೆಯೋದೇನಿಲ್ಲ, ಮೊಣಕಾಲುದ್ದ ಮರಳು ತೆಗೆದ್ರೆ ನೀರು ಜಿನುಗ್ತಿತ್ತು. ಬೇಸಿಗೆಯಲ್ಲಿ ಮನೆಗೊಂದಾಳು ಬಂದು ಹೂಳು ತೆಗೀಬೇಕು, ಬರದಿದ್ರೆ ದಂಡ. ಕಾಲುವೆಯಲ್ಲಿ ಗದ್ದೆಗೆ ಹೋಗೋ ನೀರಿಗೆ ಸರದಿ. ಸರದಿ ಕಾಯೋರು ನಮ್ಮ ತಾತ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ನಾಲ್ಕೂ ತಾಲ್ಲೂಕಲ್ಲಿ ಇದ್ದವು. ತುಮಕೂರಿನ ಧಾನ್ಯ ಸಂಸ್ಥೆಯವರು ಊರೂರು ಸುತ್ತಿ ಬರ್ಕೊಂಡು ಹೋದ್ರು. ಆ ನೀರಲ್ಲಿ ಬೇಳೆ ಬೇಯ್ತಿತ್ತು. ಬೋರಿನ ನೀರಲ್ಲಿ ಬೇಳೆನೂ ಬೇಯಲ್ಲ, ಸೋಪೂ ನೊರೆ ಬರಲ್ಲ.

ಹುಡುಗಿ: ಎರಡು ನೀರೂ ಬೇರೆ ಆಗೋಕೆ ಕಾರಣ ಇದೆ. ಮೇಲಿನ ಮರಳಿನ ನೀರು ಮಳೆಯಿಂದ ಬಂದು ಬೇಗ ಹೊರಟುಹೋಗುತ್ತೆ. ಸಾವಿರ ಅಡಿಯ ನೀರು ಗ್ರಾನೈಟಿನ ಬಿರುಕಲ್ಲಿ ಎಷ್ಟೋ ಕಾಲ ಕೂತಿರುತ್ತೆ. ಆ ಕಲ್ಲಿನಲ್ಲಿ ಫ್ಲೋರೈಟ್, ಅಪಟೈಟ್, ಕರಿ ಅಭ್ರಕ ಇವೆ, ಎಲ್ಲದರಲ್ಲೂ ಫ್ಲೋರಿನ್. ನೀರು ಸವುಳಾದಷ್ಟೂ ಅದರಲ್ಲಿದ್ದ ಸುಣ್ಣದ ಅಂಶ ನೆಲದಲ್ಲೇ ಗಂಟುಕಟ್ಟಿ ಕೂರುತ್ತೆ. ಸುಣ್ಣ ಕಡಿಮೆ ಆದಷ್ಟೂ ಫ್ಲೋರೈಡು ಕರಗೋದು ಜಾಸ್ತಿ.

ದೊಡ್ಡಪ್ಪ: ನೋಡು, ನೀನೇ ಹೇಳಿದೆ. ಕಾಯಿಲೆ ನೀರಿಂದಲ್ಲ, ಆಳದಿಂದ ಬಂದದ್ದು. ನಾನು ಕೆಲಸಕ್ಕೆ ಸೇರಿದಾಗ ಇನ್ನೂರು ಅಡಿ ಬೋರು. ಆಮೇಲೆ ನಾನೂರು, ಏಳ್ನೂರು, ಸಾವಿರ. ಒಂದೊಂದು ಸಲ ಪೈಪು ಇಳಿಸಿದಾಗಲೂ ಶಾಲೆ ಮಕ್ಕಳ ಹಲ್ಲಿನ ಮೇಲೆ ಇನ್ನಷ್ಟು ಕರೆ ಕಾಣಿಸ್ತಿತ್ತು. ಆ ಪೈಪು ಇಳಿಸಿದವನು ನಾನೇ. ಅದಕ್ಕೇ ಹೇಳ್ತೀನಿ, ಬೇಲಿ ಹೆಣೆಯೋ ದುಡ್ಡಲ್ಲಿ ಕೆರೆ ಹೂಳು ತೆಗೀರಿ, ತಲಪರಿಗೆ ಬದುಕಿಸ್ರಿ.

ಹುಡುಗಿ: ದೊಡ್ಡಪ್ಪ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ತಲಪರಿಗೆಯಲ್ಲಿ ಊರ ಎಲ್ಲಾರೂ ಕೊಡ ಅದ್ದಬಹುದಿತ್ತಾ?

ದೊಡ್ಡಪ್ಪ: (ತಡೆದು) ಇಲ್ಲ.

ಹುಡುಗಿ: ಕೇರಿಯವರು?

ದೊಡ್ಡಪ್ಪ: ಕೆಳಗೆ ಕಾಲುವೆ ಹತ್ರ ಕಾಯ್ಕೊಂಡು ನಿಂತಿರೋರು. ಹಿಡ್ಕೊಂಡು ಹೋಗೋರು.

ಹುಡುಗಿ: ಇಲ್ಲಿ ಐದು ರೂಪಾಯಿ ನಾಣ್ಯ ಹಾಕಿದ್ರೆ ಯಂತ್ರ ನೀರು ಬಿಡುತ್ತೆ. ಯಾರು ಹಾಕಿದ್ರು ಅಂತ ಕೇಳಲ್ಲ. ಈ ಸಾಲಲ್ಲಿ ಯಾವ ಕೇರಿಯ ಕ್ಯಾನು ಯಾವುದರ ಪಕ್ಕ ಇದೆ ಹೇಳಿ ನೋಡೋಣ. ಮತ್ತೆ ನಾರುಹುಣ್ಣು. ಮೆಟ್ಟಿಲು ಬಾವಿ, ತೆರೆದ ಹೊಂಡದ ನೀರಿಂದ ಬರ್ತಿತ್ತು. ಕರ್ನಾಟಕದಲ್ಲೂ ಇತ್ತು. ಕೊನೆಯ ರೋಗಿ ದೇಶದಲ್ಲಿ ಸಿಕ್ಕಿದ್ದು 1996ರಲ್ಲಿ. ಅದು ಹೋದದ್ದಕ್ಕೆ ಮುಚ್ಚಿದ ಬೋರು, ಕೈಪಂಪೂ ಒಂದು ಕಾರಣ. ಪೈಪು ಇಳಿಸಿದವನು ನಾನೇ ಅಂತ ನೊಂದ್ಕೋತೀರ. ಅದೇ ಪೈಪಿನಿಂದ ವಾಂತಿಭೇದಿಯಲ್ಲಿ ಸಾಯಬೇಕಿದ್ದ ಎಷ್ಟು ಮಕ್ಕಳು ಉಳಿದವೋ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ದೊಡ್ಡಪ್ಪ ಮುಖ ಎತ್ತಲಿಲ್ಲ. ನೆಲದ ಮೇಲೆ ಬರೆದ ಸುತ್ತನ್ನು ಕಡ್ಡಿಯಿಂದ ಮತ್ತೊಮ್ಮೆ ತಿದ್ದಿದರು. ತಲಪರಿಗೆಯ ಬಗ್ಗೆ ಬರೆದಾಗಲೆಲ್ಲ ಅದರ ತಂಪನ್ನಷ್ಟೇ ಬರೆದವನು ನಾನು. ಕಾಲುವೆಯ ಬಳಿ ಕೊಡ ಹಿಡಿದು ನಿಂತವರನ್ನು ಬರೆದಿರಲಿಲ್ಲ. ಆ ಹುಡುಗಿಯ ಪ್ರಶ್ನೆ ನನ್ನನ್ನೂ ಕೇಳಿದ್ದು.

ದೊಡ್ಡಪ್ಪ: ಸರಿ. ಹಳೇ ಕಾಲಕ್ಕೆ ಹೋಗೋಣ ಅಂತ ನಾನೂ ಹೇಳಲ್ಲ. ನೀರನ್ನ ಮೇಲಕ್ಕೆ ತರಾಣ ಅಂತೀನಿ. ಎಲ್ಲಾರೂ ಕೊಡ ಅದ್ದಂಗೆ ತರಾಣ.

ಹುಡುಗಿ: ಅದಕ್ಕೆ ಎಷ್ಟು ವರ್ಷ?

ದೊಡ್ಡಪ್ಪ: ಬೋರು ಕೊರೆಯೋದು ನಿಂತ್ರೆ, ಮಳೆ ಸರಿಯಾದ್ರೆ, ಹತ್ತು ವರ್ಷ.

ಹುಡುಗಿ: ಈಗ ಮೂರು ವರ್ಷದ ಮಗುವಿಗೆ ಆಗ ಹದಿಮೂರು. ಹಲ್ಲು ಕಟ್ಟೋದು ಎಂಟು ವರ್ಷದ ಒಳಗೆ. ಅಷ್ಟರಲ್ಲಿ ಫ್ಲೋರೈಡು ಕುಡಿದ್ರೆ ಕರೆ ಜೀವನಪೂರ್ತಿ. ಇನ್ನೂ ಹೆಚ್ಚು ಕಾಲ ಕುಡಿದ್ರೆ ಮೂಳೆ, ಕೀಲು. ಹತ್ತು ವರ್ಷ ಆ ಮಗು ಏನು ಕುಡೀಬೇಕು? ಕಾಯಿಸಿದ್ರೂ ಫ್ಲೋರೈಡು ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಅದಕ್ಕೇ ಯಂತ್ರ ಬೇಕು ಅನ್ನೋದು.

ದೊಡ್ಡಪ್ಪ: ಮಳೆ ನೀರು ಕುಡೀಲಿ.

ಹುಡುಗಿ: ಸಾಲುತ್ತಾ?

ದೊಡ್ಡಪ್ಪ: ಲೆಕ್ಕ ಹಾಕು, ನೀನು ಓದಿದವಳು. ನಮ್ಮ ಕಡೆ ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಅನ್ನು.

ಹುಡುಗಿ: ಐವತ್ತು ಚದರ ಮೀಟರಿನ ಆರ್‌ಸಿಸಿ ಮನೆ ಅಂದ್ಕೊಂಡ್ರೆ 25,000 ಲೀಟರ್. ಪೋಲಾದದ್ದು ಕಳೆದು 20,000. ಐದು ಜನ, ತಲೆಗೆ ಎಂಟು ಲೀಟರ್, ಕುಡಿಯೋಕೆ ಅಡುಗೆಗೆ ಅಂದ್ರೆ ದಿನಕ್ಕೆ ನಲವತ್ತು, ವರ್ಷಕ್ಕೆ 14,600. ಸಾಲುತ್ತೆ, ಒಪ್ಪಿದೆ. ಆದ್ರೆ ಡಿಸೆಂಬರಿಂದ ಮೇ ತನಕ ಮಳೆ ನೆಚ್ಚೋ ಹಾಗಿಲ್ಲ. ಆರು ತಿಂಗಳಿಗೆ ಏಳು ಸಾವಿರ ಲೀಟರಿನ ತೊಟ್ಟಿ ಬೇಕು. ಬರದ ವರ್ಷ ಬಂದ್ರೆ? ಹೆಂಚಿನ ಮನೆ, ತಗಡಿನ ಮನೆಯವರು?

ದೊಡ್ಡಪ್ಪ: ತೊಟ್ಟಿ ಕಟ್ಟೋಕೆ ಒಂದು ಸಲ ದುಡ್ಡು. ಪೊರೆಗೆ ಎರಡು ಮೂರು ವರ್ಷಕ್ಕೊಮ್ಮೆ. ಬೈಫ್ ಸಂಸ್ಥೆಯವರು ಸಚೇತನ ಅಂತ ಹೆಸರಿಟ್ಟು ಫ್ಲೋರೈಡಿನ ಹಳ್ಳಿಗಳಲ್ಲಿ ಇಂಥ ತೊಟ್ಟಿ ಕಟ್ಟಿಸಿದ್ರು. ಕೊನೇಪಕ್ಷ ಅಂಗನವಾಡಿಗೆ, ಶಾಲೆಗೆ ಕಟ್ಟಿಸ್ರಿ. ಚಿಕ್ಕ ಮಕ್ಕಳು ಆ ನೀರು ಕುಡೀಲಿ, ನಾವು ಮುದುಕರು ಕ್ಯಾನಿನ ನೀರು ಕುಡಿಯಾಣ.

ಹುಡುಗಿ: ಇದಕ್ಕೆ ನನ್ನ ಹತ್ರ ಎದುರು ಮಾತಿಲ್ಲ. ಹುಣಸೆಹಣ್ಣಿನ ಸಾರು ಬಿಡಬೇಡಿ ಅಂತ ಮಾತ್ರ ಸೇರಿಸ್ತೀನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಶಾಲಾ ಹುಡುಗರಿಗೆ 18 ದಿನ, ದಿನಕ್ಕೆ ಹತ್ತು ಗ್ರಾಂ ಹುಣಸೆ ಕೊಟ್ಟು ನೋಡಿದ್ರು, 2002ರಲ್ಲಿ ಬರೆದ್ರು. ಮೂತ್ರದಲ್ಲಿ ಹೊರಗೆ ಹೋಗೋ ಫ್ಲೋರೈಡು ಹೆಚ್ಚಾಗಿತ್ತು.

ದೊಡ್ಡಪ್ಪ: ಊರ ತುಂಬ ಹುಣಸೆಮರ. ಹಣ್ಣೆಲ್ಲ ತುಮಕೂರು ಮಂಡಿಗೆ ಹೋಗ್ತೈತೆ.

ಹುಡುಗಿ: ನದಿ ನೀರು ಬಂದ್ರೆ ಇದ್ಯಾವುದೂ ಬೇಡ ಅಂತಾರಲ್ಲ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರು, ಕೊರಟಗೆರೆ, ಮಧುಗಿರಿ ಕಡೆಗೆ ಎತ್ತಿನಹೊಳೆ, ಶಿರಾ ಕೆರೆಗೆ ಹೇಮಾವತಿ.

ದೊಡ್ಡಪ್ಪ: ಬರಲಿ, ಬೇಡ ಅಂದವರಾರು. ಆದ್ರೆ ನೂರಾರು ಕಿಲೋಮೀಟರ್ ಪೈಪಿನ ಕೊನೇ ನಲ್ಲಿ ನಮ್ಮದು. ಎಲ್ಲೋ ಪೈಪು ಒಡೀತೈತೆ, ಎಲ್ಲೋ ಮೋಟಾರು ಸುಡ್ತೈತೆ. ಆವತ್ತು ವಾಟರ್‌ಮನ್ ಏನು ಮಾಡ್ತಾನೆ ಗೊತ್ತಾ? ಬೋರಿನ ವಾಲ್ವು ತಿರುಗಿಸ್ತಾನೆ. ಒಂದೇ ನಲ್ಲಿ, ಒಂದೇ ಟ್ಯಾಂಕು. ಇವತ್ತು ಬಂದದ್ದು ನದಿದೋ ಬೋರಿಂದೋ ಅಂತ ಕುಡಿಯೋರಿಗೆ ಗೊತ್ತಾಗಲ್ಲ. ನಾನು ತಿರುಗಿಸಿದ್ದೀನಿ. ಊರಿಗೆ ನೀರಿಲ್ಲ ಅನ್ನೋದಕ್ಕಿಂತ ಅದು ವಾಸಿ ಅನ್ನಿಸಿತ್ತು.

ಈ ಮಾತಿನ ಮೇಲೆ ನನ್ನ ಅಭಿಪ್ರಾಯವೊಂದನ್ನು ಬರೆದೇ ಮುಂದೆ ಹೋಗಬೇಕು. ಪ್ರತಿ ಊರಿನ ಟ್ಯಾಂಕಿನ ಮೇಲೆ, ಪ್ರತಿ ಘಟಕದ ಗೋಡೆಯ ಮೇಲೆ, ಇವತ್ತಿನ ನೀರು ಎಲ್ಲಿಯದು, ಅದರಲ್ಲಿ ಫ್ಲೋರೈಡು ಎಷ್ಟು ಎಂದು ಬರೆದಿರಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 1.5ರ ತನಕ ಎಂದು ನಮ್ಮ ಮಾನಕ ಹೇಳುತ್ತದೆ. ನಾನು ನೋಡಿದ ಘಟಕಗಳ ಗೋಡೆಗಳ ಮೇಲೆ ಉದ್ಘಾಟಿಸಿದವರ ಹೆಸರುಗಳಿದ್ದವು. ಆ ಅಂಕಿ ಇರಲಿಲ್ಲ.

ಅಷ್ಟರಲ್ಲಿ ಒಳಗೆ ಗುಂಯ್ ಎಂದಿತು. ಕರೆಂಟು ಬಂತು. ಯಾರೂ ಕರೆಯದಿದ್ದರೂ ಬಾಗಿಲುಗಳಿಂದ ಹೆಂಗಸರು ಹೊರಬಂದರು. ನಾಣ್ಯ ಬಿದ್ದ ಸದ್ದು, ಮೊದಲ ಕ್ಯಾನಿಗೆ ನೀರು ಬಿದ್ದ ಸದ್ದು. ಗೋಡೆಯ ಆಚೆ ಎರಡನೆಯ ಪೈಪಿನಿಂದಲೂ ನೀರು ಚರಂಡಿಗೆ ಬೀಳತೊಡಗಿತು. ಹುಡುಗಿ ಚೀಲದಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು ಆ ಕಡೆ ಹೋದಳು.

ದೊಡ್ಡಪ್ಪ: ಚರಂಡಿ ನೀರು ಯಾಕಮ್ಮ?

ಹುಡುಗಿ: ಲ್ಯಾಬಿಗೆ. ನನ್ನ ಸೋಪು ಬೋರಿನ ನೀರಿಗೆ ಕೆಲಸ ಮಾಡದಿದ್ರೂ ಇದಕ್ಕೆ ಮಾಡುತ್ತೇನೋ ನೋಡ್ತೀನಿ. ಇದು ಹೇಗೂ ಯಾರ ಲೋಟಕ್ಕೂ ಹೋಗಲ್ಲ, ಸೋಪು ನುಸುಳಿದ್ರೂ ಭಯ ಕಡಿಮೆ. ಇದರ ಫ್ಲೋರೈಡನ್ನ ಒಂದು ಹಿಡಿಗೆ ಇಳಿಸೋಕೆ ಆದ್ರೆ, ಉಳಿದ ನೀರನ್ನ ಇದ್ದಿಲಲ್ಲಿ ಇನ್ನೊಂದು ಸಲ ಸೋಸಿ ಕೊನೇಪಕ್ಷ ಗಿಡಕ್ಕಾದ್ರೂ ಬಿಡಬಹುದು.

ದೊಡ್ಡಪ್ಪ: ದನ ಕುಡಿಯೋದು ಇದನ್ನೇ.

ಹುಡುಗಿ: ಗೊತ್ತಾಯ್ತು. ಅದಕ್ಕೇ.

ದೊಡ್ಡಪ್ಪ: ಇನ್ನೊಂದು ಬಾಟಲಿ ಐತಾ? ಸಾಯಂಕಾಲ ಹಳ್ಳಕ್ಕೆ ಹೋಗಾಣ. ಹೋದ ವರ್ಷದ ಮಳೆಗೆ ತಲಪರಿಗೆಯಲ್ಲಿ ಒಂದಿಷ್ಟು ಜಿನುಗ್ತೈತೆ. ಅದನ್ನೂ ಪರೀಕ್ಷೆ ಮಾಡು. ಚೆನ್ನಾಗೈತೆ ಅಂತ ನಾನು ಹೇಳಿದ್ದನ್ನ ನಂಬಬೇಡ.

ಅವಳು ಬಾಟಲಿಯ ಮೇಲೆ ಚೀಟಿ ಅಂಟಿಸಿ ಊರ ಹೆಸರು, ತಾರೀಖು ಬರೆದಳು.

ಹುಡುಗಿ: ಬೋರಿನ ಆಳ?

ದೊಡ್ಡಪ್ಪ: ಸಾವಿರದ ನೂರ ಎಂಬತ್ತು ಅಡಿ.

ಹುಡುಗಿ: ತಲಪರಿಗೆದು?

ಅವರು ಎದ್ದು ನಿಂತು, ತಮ್ಮ ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸಿದರು.